ಲೋಟದ ಲೆಕ್ಕ

"ಹಲೋ... ಹಲೋ, ಯಾರು ಮಾತಾಡೋದು? ... ಯಾರು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಟವರ್ ಸರಿ ಇಲ್ಲ..."

"... ಹಾಂ, ನೀವಾ. ಇದು ಯಾರ ನಂಬರ್? ನಿಮ್ಮ ಫೋನ್ ಎಲ್ಲಿ ಹೋಯ್ತು? ... ಚಾರ್ಜ್ ಹೋಯ್ತಾ. ಅದಕ್ಕೇ ನಾನು ಅಷ್ಟು ಸಲ ಮಾಡಿದ್ರೂ ಸ್ವಿಚ್ ಆಫ್, ಸ್ವಿಚ್ ಆಫ್ ಅಂತ ಬರೋದು... ಚೆನ್ನಯನ ಫೋನಾ ಇದು? ... ಆಯ್ತು ಮಾರಾಯ್ರೆ, ಯಾರದ್ದಾದ್ರೂ ಆಗ್ಲಿ. ಕೊನೆಗೂ ಮಾಡಿದ್ರಲ್ಲ."

ಹರಿಣಿಗೆ ಹೋದ ಜೀವ ಬಂದಂತಾಯಿತು. ವಸಾಯಿ ಬಳಿಯ ನಿರ್ಮಳ ಎಂಬ ಹಳ್ಳಿಯಿಂದ ಆಗಾಶಿ ಕಡೆಗೆ ಹೋಗುವ ಒಂದು ಓಣಿ. ಎರಡೂ ಕಡೆ ಬಾಳೆತೋಟ, ತಿರುವಿನಲ್ಲಿ ಒಂದು ಬಿಳಿ ಶಿಲುಬೆಯ ಕಟ್ಟೆ. ಆ ಕಟ್ಟೆಗೆ ಸೈಕಲ್ ಒರಗಿಸಿ ಅವಳು ನಿಂತು ಬಹಳ ಹೊತ್ತಾಗಿತ್ತು. ಮುಂಬಯಿಯವರಿಗೆ ಅಪರೂಪಕ್ಕೆ ಸಿಗುವ ಜನವರಿಯ ಚಳಿ, ಬಿಸಿಲು ಬಂದರೂ ಬೆನ್ನು ಬಿಟ್ಟಿರಲಿಲ್ಲ. ಕೈತುಂಬ ಚೈನಿನ ಗ್ರೀಸ್. ಫೋನಿನಲ್ಲಿದ್ದವನು ಗಂಡ ಸುಕೇಶ. ಚೆಂಬೂರಿನಲ್ಲಿ ಹೋಟೆಲ್ ನಡೆಸುತ್ತಾನೆ, ಸೈಕಲ್ ಬಳಗದ ಕ್ಯಾಪ್ಟನ್ ಕೂಡ ಅವನೇ.

ಬಳಗದಲ್ಲಿ ಹೆಚ್ಚಿನವರು ಹೋಟೆಲಿನವರು, ಅವರ ಮನೆಯವರು. ಆದ್ದರಿಂದ ಇವರ ಸವಾರಿ ಮಂಗಳವಾರ. ಭಾನುವಾರ ಹೋಟೆಲಿನವರಿಗೆ ರಜೆ ಎಲ್ಲಿಂದ ಬರಬೇಕು? ಬೇರೆ ಸೈಕಲ್ ಗುಂಪುಗಳ ಟೆಂಪೋ ಸವಾರರ ಹಿಂದೆ ಬರುತ್ತದೆ, ಸೋತವರನ್ನು ಹತ್ತಿಸಿಕೊಳ್ಳಲು. ಚೆನ್ನಯ ಓಡಿಸುವ ಇವರ ಟೆಂಪೋ ಮುಂದೆ ಓಡುತ್ತದೆ, ಇಡ್ಲಿ ಸಾಂಬಾರು ಬಿಸಿ ಮಾಡಿಡಲು. ಈಗ ಎಲ್ಲರೂ ಅರ್ನಾಳದ ಸಮುದ್ರದ ಬಳಿ ತಲುಪಿದ್ದರು. ಎಲ್ಲರೂ, ಎಂದರೆ ಹರಿಣಿಯೊಬ್ಬಳನ್ನು ಬಿಟ್ಟು.

"ಹೆದರ್ಬೇಡಿ, ನಾನು ಸರಿಯಾಗೇ ಇದ್ದೇನೆ. ಬಿದ್ದಿಲ್ಲ. ಚೈನ್ ಒಂದು ತಪ್ಪಿತ್ತು, ನಾನೇ ಹಾಕಿದೆ. ಮುಂದೆ ದಾರಿ ಎರಡಾಯ್ತು, ಯಾವುದಕ್ಕೆ ಹೋಗೋದು ಗೊತ್ತಾಗ್ಲಿಲ್ಲ. ನೀವು ಹುಡುಕಿಕೊಂಡು ಬರ್ತೀರಿ ಅಂತ ಈ ಜಾಗ ಬಿಟ್ಟು ಅಲ್ಲಾಡ್ಲಿಲ್ಲ, ಗೊತ್ತುಂಟಾ... ಎಂತ? ... ಎಂತ ಕೇಳಿದ್ರಿ?"

"... ಬ್ಯಾನರಾ?"

"... ಹಾಂ, ಉಂಟು. ನನ್ನ ಬ್ಯಾಗಲ್ಲೇ ಉಂಟು. ಬೆಳಿಗ್ಗೆ ನೀವೇ ಮಡಚಿ ತುರುಕಿದ್ದಲ್ವಾ... ಫೋಟೋಕ್ಕಾ? ... ಒಂದು ನಿಮಿಷ. ಒಂದು ನಿಮಿಷ ನಿಲ್ಲಿ. ನೀವು ಫೋನ್ ಮಾಡಿದ್ದು ಬ್ಯಾನರಿಗಾ?"

ಮುಂಬಯಿಯ ನಮ್ಮವರ ಯಾವ ಕೂಟವೂ ಬ್ಯಾನರ್ ಇಲ್ಲದೆ ನಡೆದದ್ದಾಗಿ ಲೆಕ್ಕಕ್ಕೆ ಬರುವುದಿಲ್ಲ. ಅರಸಿನ ಕುಂಕುಮವಿರಲಿ, ರಕ್ತದಾನವಿರಲಿ, ಎದುರಿಗೆ ಬ್ಯಾನರ್ ಹಿಡಿದು ಎರಡು ಸಾಲು ನಿಂತು ಫೋಟೋ ತೆಗೆಸಿಕೊಂಡರೆ ಮಾತ್ರ ಕಾರ್ಯಕ್ರಮ ಮುಗಿದಂತೆ. ಇವತ್ತಿನ ಫೋಟೋಕ್ಕೆಂದೇ ದಾದರಿನಿಂದ ಸಂಘದ ಅಧ್ಯಕ್ಷರು ಬಂದಿದ್ದರು, ಹೆಂಡತಿ ವಿನೋದಿನಿಯೊಡನೆ. ಅಧ್ಯಕ್ಷರು ಕಾರಿನಲ್ಲಿ ಬಂದಿದ್ದರು ಎನ್ನುವುದು ಬೇರೆ ಮಾತು.

"ನೋಡಿ, ನಾನು ಎಲ್ಲಿದ್ದೇನೆ ಅಂತ ಗೊತ್ತುಂಟಾ ನಿಮಗೆ? ... ಸುಮ್ಮನೆ ಹೇಳಿ. ಎಲ್ಲಿದ್ದೇನೆ? ... ನೀರಿನ ಹತ್ತಿರವಾ? ವಿನೋದಿನಿ ಜೊತೆಯಾ? ... ಸರಿ. ತಿರುಗಿ ನೋಡಿ ಹಾಗಾದ್ರೆ. ನೋಡಿ, ನಾನು ಕಾಯ್ತೇನೆ."

"... ಇಲ್ಲ ಅಲ್ವಾ."

"... ಹೇಗೆ ಇರ್ತೇನೆ? ನಾನು ನಿರ್ಮಳ ದಾಟಿ ಯಾವುದೋ ಬಾಳೆತೋಟದ ಮಧ್ಯ ನಿಂತಿದ್ದೇನೆ. ನೀವು ಬಿಟ್ಟು ಹೋದದ್ದು ನನ್ನನ್ನು... ಹೌದು, ಬಿಟ್ಟು ಹೋದದ್ದು. ಮತ್ತೆಂತ ಹೇಳ್ಬೇಕು ಅದಕ್ಕೆ?"

"... ಬೈಬೇಡಿ, ಮೊದಲು ಕೇಳಿ. ಕೆರೆ ಹತ್ತಿರ ಚಹಾಕ್ಕೆ ನಿಲ್ಲಿಸಿದ್ರಲ್ಲ, ಆಗ ನಾನು ಬಾತ್‌ರೂಮಿಗೆ ಅಂತ ಹಿಂದಿನ ಮನೆಗೆ ಹೋದೆ. ಗಂಡಸರಿಗಾದ್ರೆ ಊರೆಲ್ಲ ಮರ ಉಂಟು, ನಾವೆಲ್ಲಿಗೆ ಹೋಗೋದು? ... ಹೇಳಿಯೇ ಹೋದದ್ದು. ನಿಮ್ಮ ಬೆನ್ನ ಹಿಂದೆ ನಿಂತು ಹೇಳಿದೆ, ನೀವು ಹಾಂ ಅಂದ್ರಿ... ಅಧ್ಯಕ್ಷರಿಗೆ ಅಂದದ್ದಾ? ಅದು ನನಗೆ ಹೇಗೆ ಗೊತ್ತಾಗ್ಬೇಕು? ಬಂದು ನೋಡಿದ್ರೆ ಒಂದು ನರಪಿಳ್ಳೆ ಇಲ್ಲ. ನನ್ನ ಸೈಕಲ್ ಒಂದೇ ಮರಕ್ಕೆ ಒರಗಿ ನಿಂತಿತ್ತು. ಅದಾದ್ರೂ ಕಾಣ್ಲಿಲ್ವಾ ನಿಮಗೆ?"

"... ಎಣಿಸಿದ್ರಾ? ... ಎಂತದ್ದು ಎಣಿಸಿದ್ರಿ? ... ಲೋಟವಾ."

ಇದು ಸುಕೇಶನ ಹಳೆಯ ಅಭ್ಯಾಸ. ಒಂದು ಮೇಜಿಗೆ ಎಷ್ಟು ಜನ ಬಂದರೆಂದು ತಿಳಿಯಲು ಅವನು ಮುಖ ನೋಡುವುದಿಲ್ಲ, ಲೋಟ ನೋಡುತ್ತಾನೆ. ಮುಖ ಎದ್ದು ಕೈ ತೊಳೆಯಲು ಹೋಗುತ್ತದೆ, ಹೊರಗೆ ನಿಂತು ಬೀಡಿ ಸೇದುತ್ತದೆ, ಲೋಟ ಕುಳಿತಲ್ಲೇ ಕುಳಿತಿರುತ್ತದೆ. ಕೌಂಟರಿನ ಹಿಂದೆ ಕೂರತೊಡಗಿದ ಕಾಲದಿಂದ ಈ ಲೆಕ್ಕ ಅವನಿಗೆ ಕೈಕೊಟ್ಟಿರಲಿಲ್ಲ. ಕೈಕೊಡುವುದಕ್ಕೆ ಸ್ವಂತ ಹೆಂಡತಿಯೇ ಬೇಕಾಯಿತು.

"ಹನ್ನೊಂದು ಲೋಟ, ಹನ್ನೊಂದು ಜನ, ಸರಿಯಾಯ್ತು ಅಂತ ಹೊರಟೇಬಿಟ್ರಿ... ಅಲ್ಲ ಮಾರಾಯ್ರೆ, ನಾನು ಚಹಾ ಕುಡಿತೇನಾ? ... ಕೇಳಿದ್ದಕ್ಕೆ ಹೇಳಿ. ಕುಡಿತೇನಾ? ... ಅಸಿಡಿಟಿ ಆದ ಮೇಲೆ ಮುಟ್ಟಿದ್ದುಂಟಾ ನಾನು? ದಿನಾ ಬೆಳಿಗ್ಗೆ ನಿಮಗೆ ಚಹಾ ಮಾಡಿ ಕೊಟ್ಟು ನಾನು ಜೀರಿಗೆ ನೀರು ಕುಡಿಯೋದು ಕಂಡಿಲ್ವಾ? ... ಹಾಂ. ಅಂದ್ರೆ ಹತ್ತೇ ಲೋಟ ಇರಬೇಕಿತ್ತು. ಹನ್ನೊಂದು ಇದ್ರೆ ಯಾರೋ ಎರಡು ಕುಡಿದಿದ್ದಾರೆ ಅಂತ ತಲೆಗೆ ಹೋಗ್ಬೇಡ್ವಾ? ... ಅಲ್ಲೇ ಇದ್ದಾರಲ್ಲ ಎಲ್ಲ, ಕೇಳಿ."

"... ಯಾರು, ಜೋಗೇಶ್ವರಿಯ ಸುಹಾಸನಾ? ... ಚಳಿಗೆ ಎರಡು ಕುಡಿದ. ಆಯ್ತು, ಚಳಿ ಇತ್ತು, ಕುಡೀಲಿ ಪಾಪ. ಅವನಿಗೆ ಎಂತ ಹೇಳೋದು. ನಾನು ನಿಮ್ಮನ್ನು ಕೇಳ್ತಾ ಇದ್ದೇನೆ. ಅವನ ಎರಡನೇ ಲೋಟವಾ ನಾನು?"

ಆ ಕಡೆಯಿಂದ ಬಂದದ್ದು ಕ್ಷಮೆಯಲ್ಲ, ಪ್ರಶ್ನೆ. ತಪ್ಪು ತನ್ನದೆಂದು ಗೊತ್ತಾದಾಗಲೆಲ್ಲ ಸುಕೇಶ ಎದುರಿನವರನ್ನು ವಿಚಾರಣೆ ಮಾಡಲು ತೊಡಗುತ್ತಾನೆ. ಹೋಟೆಲಿನಲ್ಲಿ ಎಲ್ಲರಿಗೂ ಇದು ಗೊತ್ತು, ಮನೆಯಲ್ಲಿ ಹರಿಣಿಗೆ ಇನ್ನೂ ಚೆನ್ನಾಗಿ ಗೊತ್ತು.

"ಬೇರೆಯವರಿಗೆ ಯಾಕೆ ಮಾಡ್ಲಿಲ್ಲ ಅಂತ ನನ್ನನ್ನೇ ಕೇಳ್ತೀರಾ? ಎಲ್ಲರ ಫೋನೂ ಚೀಲಕ್ಕೆ ಹಾಕಿಸಿ ಟೆಂಪೋದಲ್ಲಿ ಇಡಿಸಿದ್ದು ಯಾರು? ಸೆಲ್ಫಿಗೆ ನಿಲ್ತಾರೆ ಅಂತ ರೂಲ್ ಮಾಡಿದ್ದು ಯಾರು? ವಿನೋದಿನಿಗೆ ಮಾಡಿದೆ, ಎತ್ಲಿಲ್ಲ; ಸುಹಾಸನಿಗೆ, ಉಳಿದವರಿಗೆ ಮಾಡಿದೆ, ಅದೆಲ್ಲ ಸಾಂಬಾರಿನ ಪಾತ್ರೆ ಪಕ್ಕ ಬಡ್ಕೊಂಡಿರ್ಬೇಕು. ಚೆನ್ನಯನ ಹೊಸ ನಂಬರ್ ನನಗೆ ಯಾರು ಕೊಟ್ಟಿದ್ದಾರೆ? ... ಹಾಂ, ನಾನು ನನ್ನ ಫೋನ್ ಕೊಡ್ಲಿಲ್ಲ. ಅತ್ತೆ ಮನೇಲಿ ಒಬ್ಬರೇ ಇದ್ದಾರೆ, ಅದಕ್ಕೆ ಇಟ್ಕೊಂಡೆ. ಈಗ ಅದೂ ತಪ್ಪಾ?"

"... ಎಂತ? ... ಯಾವ ಬೈಕಿನವ? ... ಅರೆ, ದಾರಿಯಲ್ಲಿ ಹೋಗೋ ಬೈಕಿನವನ ಕೈಯಲ್ಲಿ ಬ್ಯಾನರ್ ಕೊಟ್ಟು ಕಳಿಸ್ಬೇಕಾ? ಬ್ಯಾನರ್ ಮೊದಲು ಬರ್ಲಿ, ನಾನು ಆಮೇಲೆ ಬಂದ್ರೆ ಸಾಕಾ? ... ಹಾಗೆ ಹೇಳ್ಲಿಲ್ಲ ಅಂದ್ರೆ ಮತ್ತೆ ಹೇಗೆ ಹೇಳಿದ್ದು?"

"... ಟೆಂಪೋ ಬೇಡ... ಬೇಡ ಅಂದೆ. ಚೆನ್ನಯ ಅಲ್ಲಿ ಬಡಿಸ್ತಾ ಇರ್ಲಿ, ಅವನನ್ನು ಎಬ್ಬಿಸ್ಬೇಡಿ. ನಾನು ಟೆಂಪೋ ಹತ್ತುವವಳಲ್ಲ... ಹಠ ಅಲ್ಲ... ಆಯ್ತು, ಹಠ ಅಂತ್ಲೇ ಇಟ್ಕೊಳ್ಳಿ."

ಹಠವೇ. ಐವತ್ತು ದಾಟಿದ ಮೇಲೆ ಹರಿಣಿ ಸೈಕಲ್ ಕಲಿತದ್ದೂ ಹಠದಿಂದಲೇ. ಗಣಪತಿ ಹಬ್ಬ ಕಳೆದ ಮೇಲೆ ಶುರು ಮಾಡಿ, ಬಿಲ್ಡಿಂಗ್ ಕಂಪೌಂಡಿನಲ್ಲಿ ದಿನಾ ಸಂಜೆ ಸುತ್ತು ಹಾಕಿದಳು. ಎರಡು ಸಲ ಪಾರ್ಕಿಂಗಿನ ಕಾರಿಗೆ ಗುದ್ದಿದಳು, ಒಮ್ಮೆ ತುಳಸಿಕಟ್ಟೆಗೆ. ಮಕ್ಕಳು ನಕ್ಕರು, ವಾಚ್‌ಮನ್ ನಗು ತಡೆದುಕೊಂಡ. ಇಷ್ಟೆಲ್ಲ ಮಾಡಿದ್ದು ಆರೋಗ್ಯಕ್ಕಲ್ಲ. ಮದುವೆಯಾದಂದಿನಿಂದ ಗಂಡನ ಬೆಳಗು ಹೋಟೆಲಿನದು. ಇವಳು ಚಹಾದ ಲೋಟ ತೊಳೆದಿಡುವಷ್ಟರಲ್ಲಿ ಅವನು ಶಟರ್ ಎತ್ತಿಯಾಗಿರುತ್ತಿತ್ತು. ಒಂದೇ ಒಂದು ಬೆಳಿಗ್ಗೆ ಅವನ ಪಕ್ಕದಲ್ಲಿ, ಗಡಿಬಿಡಿಯಿಲ್ಲದೆ, ಯಾವುದಾದರೂ ಹಳ್ಳಿ ದಾರಿಯಲ್ಲಿ ಹೋಗಬೇಕೆಂದು ಅವಳಿಗೆ ಆಸೆಯಾಗಿತ್ತು.

"ನೀವೇ ಬನ್ನಿ... ಹಾಂ, ನೀವು. ಸೈಕಲ್‌ನಲ್ಲಿ ವಾಪಸ್ ಬನ್ನಿ... ಅವತ್ತು ಎಂತ ಹೇಳಿದ್ರಿ? ನೀನೂ ಕಲಿ, ಒಟ್ಟಿಗೆ ಹೋಗುವ ಅಂದ್ರಿ ಅಲ್ವಾ? ಒಟ್ಟಿಗೆ ಅಂದ್ರೆ ಎಂತ? ವಸಾಯಿ ಸ್ಟೇಷನ್ನಿಂದ ಹೊರಟವರು ಚಹಾದಂಗಡಿವರೆಗೆ ಒಂದು ಸಲ ಹಿಂದೆ ನೋಡಿದ್ದುಂಟಾ? ನಾನೊಬ್ಬಳೇ ಹಿಂದೆ ಹಿಂದೆ, ಬ್ಯಾನರ್ ಹೊತ್ಕೊಂಡು..."

"... ಗೆಸ್ಟ್ ಇದ್ದಾರೆ. ಗೊತ್ತುಂಟು. ಇರ್ಲಿ. ಅಧ್ಯಕ್ಷರು ಇಡ್ಲಿ ತಿಂತಾ ಕೂತಿರ್ಲಿ, ಇನ್ನೆರಡು ಹಾಕ್ಸಿ. ನಿಮಗೆ ಇಲ್ಲಿಗೆ ಎಷ್ಟು ದೂರ? ನಾನಲ್ವಾ ನಿಧಾನ, ನೀವಲ್ಲ. ನೀವು ಬಂದ್ರೆ ಆ ಅಷ್ಟು ದಾರಿ ಇಬ್ಬರೂ ಒಟ್ಟಿಗೆ ಬರಬಹುದು. ಅಷ್ಟೇ ನನಗೆ ಬೇಕಾದ್ದು. ಬ್ಯಾನರೂ ಬರ್ತದೆ, ನಾನೂ ಬರ್ತೇನೆ... ಬಾಯಿ ಬಿಟ್ಟು ಹೇಳ್ತಾ ಇದ್ದೇನೆ ಅಲ್ವಾ, ಇನ್ನೆಂತ ಹೇಳ್ಬೇಕು?"

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಕಣ್ಣೊರೆಸಿಕೊಳ್ಳಲು ಹೋಗಿ ಗ್ರೀಸ್ ಕೆನ್ನೆಗೆ ಹತ್ತಿತು. ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಓಣಿಯಲ್ಲಿ ಬರುತ್ತಿದ್ದವಳು ನಿಂತು, "ಕಾಯ್ ಝಾಲಂ ತಾಯಿ?" ಎಂದು ಮರಾಠಿಯಲ್ಲಿ ಕೇಳಿದಳು, ಏನಾಯಿತಕ್ಕ ಎಂದು. ಹರಿಣಿ ಏನಿಲ್ಲವೆಂದು ತಲೆಯಾಡಿಸಿದಳು. ಏನಿಲ್ಲ ಎಂದು ಹೇಳಿ ಹೇಳಿ ಅದು ತಾನಾಗಿಯೇ ಬರುತ್ತಿತ್ತು.

"... ಹಾಂ? ... ಬರ್ತೀರಾ? ... ನೀವೇನಾ? ಟೆಂಪೋದಲ್ಲಿ ಅಲ್ವಲ್ಲ? ... ನಿಜ ಹೇಳಿ... ಹೊರಟ್ರಾ? ಈಗ್ಲೇ? ... ಸೈಕಲ್ ಮೇಲೇ ಇದ್ದೀರಾ?"

ಅವಳ ದನಿ ಒಮ್ಮೆಲೇ ಮೆತ್ತಗಾಯಿತು. ಇಷ್ಟು ಬೇಗ ಮೆತ್ತಗಾಗಬಾರದಿತ್ತು ಎಂದು ಅವಳಿಗೇ ಅನ್ನಿಸಿತು. ಅವನು ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಇನ್ನೊಂದಿಷ್ಟು ಸಿಟ್ಟು ತೋರಿಸಿದರಾಯಿತು ಎಂದುಕೊಂಡಳು.

"ಆಯ್ತು. ಹಾಗಾದ್ರೆ ನಿಧಾನ ಬನ್ನಿ, ಗಡಿಬಿಡಿ ಬೇಡ. ಆಗಾಶಿ ಪೇಟೆ ದಾಟಿ ನಿರ್ಮಳದ ಕಡೆ ಬಂದ್ರೆ ಬಾಳೆತೋಟದ ಓಣಿ ಸಿಗ್ತದೆ. ಬಿಳಿ ಶಿಲುಬೆ ಒಂದುಂಟು, ನಾನು ಅಲ್ಲೇ ನಿಂತಿರ್ತೇನೆ... ಮಫ್ಲರ್ ಹಾಕಿದ್ದೀರಾ? ನಿಮಗೆ ಎದುರುಗಾಳಿ ಆಗ್ತದೆ... ಇಲ್ಲ, ಇಲ್ಲ, ಸಿಟ್ಟೆಲ್ಲ ಹೋಯ್ತು. ಪೂರ್ತಿ ಹೋಗ್ಲಿಲ್ಲ, ಬಂದ ಮೇಲೆ ನೋಡುವ... ಫೋನ್ ಕಿವಿಗಿಟ್ಟು ಸೈಕಲ್ ಹೊಡೀಬೇಡಿ, ಬಿದ್ದೀರಿ. ಇಡಿ ಈಗ, ಇಡಿ..."

ಅವನು ಇಡಲಿಲ್ಲ. ಕಿವಿಯಿಂದ ತೆಗೆದು ಕೆಳಗೆ ಹಿಡಿದಿರಬೇಕು. ಹರಿಣಿಯೂ ಇಡಲಿಲ್ಲ, ಸೈಕಲಿನ ಸದ್ದು ಕೇಳೀತೆಂದು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು. ಕೇಳಿಸಿದ್ದು ತೆರೆಗಳ ಸದ್ದು. ಜನರ ನಗು. ಅದರ ನಡುವೆ ಫೋಟೋ ತೆಗೆಯುವ ರೋಶನ್, ಹಿಂದಿಯಲ್ಲಿ.

"... ಹಲೋ? ... ಹಲೋ, ಕೇಳ್ತಾ ಉಂಟಾ? ಸಮುದ್ರ ಇಷ್ಟು ಹತ್ತಿರ ಯಾಕೆ ಕೇಳ್ತದೆ? ಹೊರಟೆ ಅಂದ್ರಲ್ಲ... ರೋಶನ್ ಯಾರಿಗೆ ಹೇಳೋದು, ಹತ್ತಿರ ಹತ್ತಿರ ನಿಲ್ಲಿ ಅಂತ? ... ಬ್ಯಾನರ್ ಇಲ್ಲದೇ ತೆಗಿತಾ ಇದ್ದೀರಾ?"

"... ಹಲೋ... ರೀ... ನನಗೆ ಎಲ್ಲ ಕೇಳಿಸ್ತಾ ಉಂಟು. 'ಸಬ್ ಆ ಗಯೇ ಕ್ಯಾ' ಅಂತ, ಎಲ್ಲ ಬಂದ್ರಾ ಅಂತ ಕೇಳಿದ ಅವನು..."

"... 'ಹಾಂ, ಸಬ್ ಆ ಗಯೇ' ಅಂದದ್ದು ನೀವಲ್ವಾ? ... ನಿಮ್ಮದೇ ದನಿ ಅಲ್ವಾ ಅದು? ... ಹಲೋ... ಅಲ್ಲ ಅಂತ ಒಂದು ಮಾತು ಹೇಳಿ... ಹಲೋ... ಹ..."