ಬ್ಯಾರೆ ತಾಟು

ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದ ದಾನಪ್ಪನಿಗೆ ಬೆನ್ನ ಹಿಂದೆ ತನ್ನ ಊರ ಕಡೆಯ ಮಾತು ಕೇಳಿಸಿತು. ಮಲ್ಲಕ್ಕ ಎಂಬಾಕೆ ಅಕ್ಕನ ಮುಂದೆ ಅಳು ನುಂಗುತ್ತಿದ್ದಳು.

“ಕರುಳಿನ ಕ್ಯಾನ್ಸರಿಗೆ ಹೊಟ್ಟ್ಯಾಗಿನ ಬ್ಯಾಕ್ಟೀರಿಯಾನೂ ಕಾರಣ ಇರಬಹುದು ಅಂದಿದ್ರು ಡಾಕ್ಟರು. ಮಕ್ಕಳಿಗೆ ಹತ್ತೀತಂತ ನಮ್ಮ ಮನಿಯವರ ತಾಟು ಬ್ಯಾರೆ ಮಾಡಿದೆ.”

“ನಿನ್ನ ಗಂಡ ಏನಂದ?”

“ಉಂಡು, ತಾವ ತೊಳದು, ಮೂಲ್ಯಾಗ ಬೋರಲ ಇಡ್ತಿದ್ರು.”

“ಮತ್ತ ಇವತ್ತ್ಯಾಕ ಅಳ್ತಿ?”

“ಡಾಕ್ಟರಿಗೆ ಕೇಳಿದೆ. ಬ್ಯಾಕ್ಟೀರಿಯಾ ಎಲ್ಲಾರ ಹೊಟ್ಟ್ಯಾಗೂ ಇರ್ತಾವ, ತಾಟಿನಿಂದ ಕ್ಯಾನ್ಸರ್ ಹತ್ತಂಗಿಲ್ಲವ್ವಾ ಅಂದ್ರು.”

“ಹಂಗಾದ್ರ ಇನ್ನ ಮ್ಯಾಲೆ ಕೂಡಿ ಉಣ್ರಿ.”

“ಹೆಂಗ ಉಣ್ಣೂದಕ್ಕಾ? ನಿನ್ನೆಯಿಂದ ಅವರಿಗೆ ಮೂಗಿನ ನಳಿಗ್ಯಾಗ ಊಟ ಹಾಕಾಕತ್ತಾರ.”

ಲಿಫ್ಟ್ ಬಂತು. ಅಕ್ಕ ತಂಗಿಯ ಕೈ ಹಿಡಿದು ಒಳಗೆ ನಡೆದಳು. ದಾನಪ್ಪ ಅವರ ಜೊತೆ ಹತ್ತದೆ ಮೆಟ್ಟಿಲ ಕಡೆ ತಿರುಗಿದ.