ಅರ್ಧ ಗಂಟೆಗೊಂದು ಹೆಜ್ಜೆ

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಇದು ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು.

ರಾತ್ರಿ ಹನ್ನೊಂದು ದಾಟಿತ್ತು. ಲ್ಯಾಬಿಗೆ ಬೀಗ ಹಾಕಿ, ಜಾಲರಿ ಮುಚ್ಚಿದ ಹಳೇ ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದಳು. ಒಳಗೆ ಯಂತ್ರ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಇವಳ ಕೆಲಸವೇ ವಿಚಿತ್ರ. ಕೂದಲ ತುದಿಯ ಮೇಲೆ ಇಪ್ಪತ್ತು ಹಿಡಿಸುವಷ್ಟು ಚಿಕ್ಕ, ತೆಳು ಪದರದ ಕಾಂತದ ಬಿಲ್ಲೆಗಳು. ಸಿಗ್ನಲ್ ಕೊಟ್ಟು ಅಲುಗಿಸಿದರೆ ಅವುಗಳೊಳಗೆ ಕಾಂತದ ಅಲೆ ಏಳುತ್ತದೆ, ಸ್ಪಿನ್ ಅಲೆ. ಲೇಸರ್ ಅದನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿ ಚಿತ್ರ ಮಾಡುತ್ತದೆ. ಒಂದು ಚಿತ್ರಕ್ಕೆ ಐದು ಗಂಟೆ. ಅಷ್ಟು ಹೊತ್ತು ಕೋಣೆಯಲ್ಲಿ ಯಾರೂ ಓಡಾಡಕೂಡದು. ಹೆಜ್ಜೆ ಇಟ್ಟರೆ ಚಿತ್ರದಲ್ಲೊಂದು ಕಪ್ಪು ಗೆರೆ.

ಬೆಳಿಗ್ಗೆ ನೋಡಿದರೆ... ಹತ್ತು ಗೆರೆ. ಅರ್ಧ ಗಂಟೆಗೊಂದು. ಮೇಲಿನದು ತೆಳು, ಕೆಳಗಿಳಿದಷ್ಟೂ ಕಪ್ಪು. ಯಾರೋ ಬಾಗಿಲಿಂದ ಮೇಜಿನ ಕಡೆಗೆ, ಯಾವ ಅವಸರವೂ ಇಲ್ಲದೆ ನಡೆದು ಬಂದ ಹಾಗೆ.

"ಇಲಿ ಇರಬೇಕು," ಅಂದರು ಅವಳ ಪಿಎಚ್‌ಡಿ ಗೈಡ್.

"ಇಲಿಗೆ ಇಷ್ಟು ತೂಕ ಇರಲ್ಲ ಸರ್."

ಬಿಲ್ಲೆಗಳನ್ನು ಮಾಡಿದ್ದು ಇವಳ ಸೀನಿಯರ್. ಲ್ಯಾಬಿನವರ ಬಾಯಲ್ಲಿ 'ದೊಡ್ಡಕ್ಕ'. ನಾಲ್ಕು ವರ್ಷ ನಿದ್ದೆಗೆಟ್ಟು ಮಾಡಿದಳು, ಕಾಯಿಲೆ ಬಿದ್ದು ಹೋಗಿಬಿಟ್ಟಳು. ತಿಂಗಳೂ ತುಂಬಿರಲಿಲ್ಲ, ಗೈಡ್ ಆ ಬಿಲ್ಲೆಗಳ ಬಗ್ಗೆ ಬರೆದ ಲೇಖನದಿಂದ ಅವಳ ಹೆಸರು ಕಿತ್ತು ನನ್ನ ತಂಗಿಯದನ್ನು ಸೇರಿಸಿದರು. "ಸತ್ತವರಿಗೆ ಡಿಗ್ರಿ ಯಾಕಮ್ಮಾ?" ಅಂತ ನಕ್ಕರಂತೆ. ಇವಳಿಗೂ ಆರನೇ ವರ್ಷ. ಲೇಖನವಿಲ್ಲದೆ ಡಿಗ್ರಿಯಿಲ್ಲ. ಬಾಯಿ ಮುಚ್ಚಿಕೊಂಡಳು. ಈಗ ಲೇಖನ ಅಚ್ಚು ಮಾಡುವ ವಿಜ್ಞಾನ ಪತ್ರಿಕೆಯವರು ಇನ್ನೊಂದೇ ಒಂದು ಚಿತ್ರ ಕೇಳಿದ್ದರು, ವಾರದೊಳಗೆ.

ಎರಡನೇ ರಾತ್ರಿಯೂ ಗೆರೆ. ಮೂರನೇ ರಾತ್ರಿ ಗೈಡ್ ರೇಗಿದರು. "ನಿನ್ನ ಕೈಲಾಗಲ್ಲ, ಬಿಡು. ನಾನೇ ಒಳಗೆ ಅಲ್ಲಾಡದೆ ಕೂತು ತೆಗೀತೀನಿ."

ಯಂತ್ರ ಶುರುವಾದ ಮೇಲೆ ಅರ್ಧ ಗಂಟೆ ಹೊರಗೆ ಕಾದು ತಂಗಿ ಹೊರಟಳು. ಬಾವಿಯ ಹತ್ತಿರ ಬಂದಾಗ ಫೋನ್. ಪಿಸುದನಿ.

"ಒಳಗೆ ಬಂದ್ಯಾ?"

"ಇಲ್ಲ ಸರ್. ಬಾವಿ ಹತ್ರ ಇದೀನಿ."

"ಮತ್ತೆ... ನನ್ನ ಹಿಂದೆ ಯಾರು?"

ಸದ್ದು ಇವಳಿಗೂ ಕೇಳಿತು. ರಬ್ಬರ್ ಚಪ್ಪಲಿ. ಚಪ್... ಚಪ್... ನಿಂತಿತು. ಕುರ್ಚಿ ಒಮ್ಮೆ ಕಿರ್ರೆಂದಿತು. ಆಮೇಲೆ ಯಂತ್ರದ ಗುಂಯ್ ಮಾತ್ರ.

"ಓಡಿ ಹೋಗಿ ನೋಡಬಾರದಿತ್ತೇನೇ?" ಅಂದೆ, ಆಮೇಲೆ ಅವಳು ಇದನ್ನೆಲ್ಲ ಹೇಳಿದಾಗ.

"ಅವರವರ ಮಾತು ಅವರವರೇ ಮುಗಿಸಿಕೊಳ್ಳಲಿ ಅನ್ನಿಸ್ತು ಅಕ್ಕಾ." ಹಾಗಂದವಳು ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಗೈಡ್ ಕುರ್ಚಿಯಲ್ಲೇ ಇದ್ದರು. ಉಸಿರಿತ್ತು. ಕಣ್ಣು ತೆರೆದಿತ್ತು. ಮಾತಿಲ್ಲ, ಇವತ್ತಿಗೂ ಇಲ್ಲ. ಡಾಕ್ಟರು ಎಲ್ಲಾ ಸರಿಯಿದೆ ಅನ್ನುತ್ತಾರೆ. ಚಿತ್ರದಲ್ಲಿ ಫೋನ್ ಬಂದ ಹೊತ್ತಿಗೊಂದು ದಪ್ಪ ಗೆರೆ, ಅದರ ಕೆಳಗೆ ಒಂದೂ ಇಲ್ಲ. ಅಂದರೆ ಆ ಮನುಷ್ಯ ನಾಲ್ಕೂವರೆ ಗಂಟೆ ಕಾಲ್ಬೆರಳೂ ಅಲ್ಲಾಡಿಸಿಲ್ಲ. ಅಲೆ ಮಾತ್ರ ಕೊನೇ ಸಾಲಿನವರೆಗೂ ಅಚ್ಚುಕಟ್ಟಾಗಿ ಮೂಡಿತ್ತು.

ಅವತ್ತೇ ತಂಗಿ ಲೇಖನದಿಂದ ತನ್ನ ಹೆಸರು ತೆಗೆದು ದೊಡ್ಡಕ್ಕನದು ಹಾಕಿ ಕಳಿಸಿದಳು. ಇವಳ ಡಿಗ್ರಿಗೆ ಮತ್ತೆರಡು ವರ್ಷ ಹಿಡಿಯಿತು.

ಆ ರಾತ್ರಿ ಯಂತ್ರದೊಳಗಿದ್ದ, ಬಿಲ್ಲೆಗಳನ್ನು ಕೂರಿಸಿದ್ದ ಗಾಜಿನ ಚೂರನ್ನು ಆಮೇಲೆ ನನಗೂ ತೋರಿಸಿದಳು. ಕೆರೆದು ತೆಗೆದರೂ ಗುರುತು ಉಳಿಯಬೇಕಂತೆ. ನಾನೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದ್ದೇನೆ, ಸುಳ್ಳು ಹೇಳಿ ನನಗೇನಾಗಬೇಕು? ಗಾಜು ಬರಿದು. ಒಂದು ಬಿಲ್ಲೆಯೂ ಇರಲಿಲ್ಲ.