ಶಾಲೆಗೆ ಕಳಿಸುವ ಕಾಲೇಜು

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ-ತಂಗಿ ಕೂತಿದ್ದರು. ಶಾಲಾ ಮನಶ್ಶಾಸ್ತ್ರದ ಎಂ.ಎ.ಗೆ ಅಕ್ಕನಿಗೆ ಎರಡು ಕಡೆ ಸೀಟು ಸಿಕ್ಕಿತ್ತು.

"ಇಲ್ಲಿಯ ಕಾಲೇಜಿಗೆ ದೊಡ್ಡ ಹೆಸರು ಕಣೇ. ಆದ್ರೆ ಬರೀ ಪುಸ್ತಕ."

"ದೂರದ್ದು?"

"ಮೊದಲಿಂದ್ಲೇ ಶಾಲೆಗೆ ಕಳಿಸ್ತಾರೆ, ಮಕ್ಕಳ ಜೊತೆ ಇರೋಕೆ."

"ಮತ್ತಿನ್ನೇನು ಯೋಚನೆ? ಒಂದನೇ ಕ್ಲಾಸಲ್ಲಿ ನಾನು ಬಾಯೇ ಬಿಡ್ತಿರಲಿಲ್ಲ. ಶಾಲೆಯ ಆ ಕೌನ್ಸೆಲರ್ ಮೇಡಂ ನನ್ನ ಜೊತೆ ಮೇಜಿನ ಕೆಳಗೆ ಕೂತು ಕೂತು ತಾನೇ ಮಾತಾಡಿಸಿದ್ದು?"

"ಅದಕ್ಕೇ ಈಗ ನಾವೆಲ್ಲ ಅನುಭವಿಸ್ತಿದ್ದೀವಿ."

"ಅಕ್ಕಾ!"

ಅಕ್ಕ ನಕ್ಕಳು. ಆಮೇಲೆ ಮೆಲ್ಲಗೆ, "ನಾನು ಹೋದ್ರೆ ನೀನು ಮತ್ತೆ ಬಾಯಿ ಮುಚ್ಕೊಂಡು ಬಿಡ್ತೀಯೇನೋ ಅಂತ ಭಯ ಕಣೇ" ಅಂದಳು.

"ದಿನಾ ಫೋನ್ ಮಾಡಿ ತಲೆ ತಿಂತೀನಿ. ಸಾಕಾ?"

ಬಸ್ ಬಂತು. ತಂಗಿಯೇ ಮೊದಲು ಹತ್ತಿ, ಇಡೀ ಬಸ್ಸಿಗೆ ಕೇಳುವಂತೆ ಕಂಡಕ್ಟರಿಗೆ ಹೇಳಿದಳು:

"ನಮ್ಮಕ್ಕ ದೂರದ ಕಾಲೇಜಿಗೆ ಸೇರ್ತಿದ್ದಾಳೆ ಸಾರ್!"